ಹೊಸ ಫ್ಲ್ಯಾಟಿನ ವಾಸನೆ: ಅಂಟು, ಸೀಲೆಂಟ್ ಡಬ್ಬಿಯ ಮೇಲಿನ ಅಂಕಿ ಏನು ಹೇಳುತ್ತದೆ?

ಥಾಣೆಯ ಮಾಜಿವಾಡಾದಿಂದ ಗಾಯ್‌ಮುಖದ ಕಡೆಗೆ ಘೋಡಬಂದರ್ ರಸ್ತೆಯಲ್ಲಿ ಹೋದರೆ ಮಾನ್‌ಪಾಡಾ, ವಾಘ್‌ಬೀಳ್, ಕಾಸಾರವಡವಲಿ ಎಲ್ಲೆಡೆ ಎತ್ತರದ ವಸತಿ ಕಟ್ಟಡಗಳೇ ಕಾಣುತ್ತವೆ. ಇಲ್ಲಿ ಮನೆ ಕೊಂಡವರಲ್ಲಿ ಕನ್ನಡದ ಕುಟುಂಬಗಳೂ ಇವೆ. ಬಿಲ್ಡರ್ ಕೀಲಿ ಕೊಟ್ಟ ಮೇಲೆ ನಡೆಯುವುದು ಬಹುತೇಕ ಎಲ್ಲರ ಮನೆಯಲ್ಲೂ ಒಂದೇ. ಕಾರ್ಪೆಂಟರ್‌ಗಳು ಬರುತ್ತಾರೆ, ಎರಡು ತಿಂಗಳು ಪ್ಲೈವುಡ್, ಸನ್‌ಮೈಕಾ, ಅಂಟು, ಸಿಲಿಕಾನ್, ಪಾಲಿಶ್ ಕೆಲಸ ನಡೆಯುತ್ತದೆ. ಕೆಲಸ ಮುಗಿದ ವಾರದಲ್ಲೇ ಮುಹೂರ್ತ, ಗೃಹಪ್ರವೇಶ. ಅದೇ ರಾತ್ರಿ ಮಕ್ಕಳು ಹೊಸ ಕೋಣೆಯಲ್ಲಿ ಕಿಟಕಿ ಮುಚ್ಚಿ, ಎಸಿ ಹಾಕಿ ಮಲಗುತ್ತಾರೆ.

ಆಗ ಎರಡು ಪ್ರಶ್ನೆ ಏಳುತ್ತವೆ. ಈ ವಾಸನೆ ಅಪಾಯವೇ? ‘ಲೋ ವಿಒಸಿ’ ಎಂದು ಬರೆದ ಅಂಟನ್ನೇ ತಂದಿದ್ದೇವಲ್ಲ, ಸಾಲದೇ?

ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ: ಅದೊಂದೇ ಸಾಲದು. ಡಬ್ಬಿಯ ಮೇಲಿನ ಅಂಕಿಯನ್ನು ಯಾವ ದೇಶದವರು, ಯಾವ ಉದ್ದೇಶಕ್ಕೆ ಅಳೆದರು ಎಂದು ತಿಳಿಯದಿದ್ದರೆ ಆ ಅಂಕಿಯಿಂದ ನಿಮ್ಮ ಮಲಗುವ ಕೋಣೆಯ ಗಾಳಿಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ವಾಸನೆ ಎಲ್ಲಿಂದ ಬರುತ್ತದೆ?

ವಿಒಸಿ ಎಂದರೆ ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು. ಅಂಟು ತೆಳ್ಳಗಿರಲು, ಹರಡಲು, ಬೇಗ ಒಣಗಲು ದ್ರಾವಕ ಬೇಕು. ಅಂಟು ಒಣಗುವುದು ಎಂದರೆ ಆ ದ್ರಾವಕ ಗಾಳಿಗೆ ಸೇರುವುದು.

ಮನೆಯ ಕೆಲಸದಲ್ಲಿ ಬಳಸುವ ಎಲ್ಲ ಅಂಟೂ ಒಂದೇ ರೀತಿಯದಲ್ಲ. ಮರಗೆಲಸದ ಬಿಳಿ ಅಂಟು ನೀರಿನಲ್ಲಿ ಮಾಡಿದ್ದು. ಅದರಿಂದ ಹೊರಡುವುದು ಬಹುಪಾಲು ನೀರಿನ ಆವಿ. ಸನ್‌ಮೈಕಾ ಅಂಟಿಸಲು ಬಳಸುವ ಹಳದಿ ಅಥವಾ ಕಂದು ಬಣ್ಣದ ರಬ್ಬರ್ ಅಂಟಿನ ಒಂದು ಲೀಟರಿನಲ್ಲಿ ಸಾಮಾನ್ಯವಾಗಿ ಅರ್ಧ ಕಿಲೋಗೂ ಹೆಚ್ಚು ದ್ರಾವಕವೇ ಇರುತ್ತದೆ. ಟಾಲ್ಯೂಯಿನ್, ಹೆಕ್ಸೇನ್‌ನಂಥವು ಇದರಲ್ಲಿ ಸೇರಿರಬಹುದು. ಪಿವಿಸಿ ಪೈಪ್ ಜೋಡಿಸುವ ಸಾಲ್ವೆಂಟ್ ಸಿಮೆಂಟ್ ಕೂಡ ಹೆಸರೇ ಹೇಳುವಂತೆ ದ್ರಾವಕಮಯ. ಚೀಲದಲ್ಲಿ ಪುಡಿಯಾಗಿ ಬರುವ, ನೀರಿನಲ್ಲಿ ಕಲಸುವ ಸಿಮೆಂಟ್ ಆಧಾರಿತ ಟೈಲ್ ಅಂಟಿನಲ್ಲಿ ವಿಒಸಿ ತೀರಾ ಕಡಿಮೆ. ಅದರಲ್ಲಿ ಎಚ್ಚರ ಬೇಕಾದುದು ಧೂಳಿನ ಬಗ್ಗೆ.

ಸಿಲಿಕಾನ್ ಸೀಲೆಂಟ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಟ್ಟಿಯಾಗುವಾಗ ವಿನೆಗರ್‌ನಂತೆ ಘಾಟು ಬರುವ ಬಗೆ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಘಾಟು ಕಡಿಮೆ ಇರುವ ‘ನ್ಯೂಟ್ರಲ್’ ಬಗೆಯ ಹಲವು ಸೀಲೆಂಟ್‌ಗಳು ಬ್ಯೂಟನೋನ್ ಆಕ್ಸೈಮ್ ಎಂಬ ವಸ್ತುವನ್ನು ಬಿಡುತ್ತವೆ. ಯುರೋಪ್ ಒಕ್ಕೂಟ ಇದನ್ನು ಕ್ಯಾನ್ಸರ್ ತರಬಲ್ಲ ವಸ್ತುಗಳ 1ಬಿ ವರ್ಗಕ್ಕೆ ಸೇರಿಸಿದೆ. 2022ರ ಮಾರ್ಚ್‌ನಿಂದ ಆ ವರ್ಗೀಕರಣ ಜಾರಿಯಲ್ಲಿದೆ. ಅಂದರೆ ಮೂಗು ಕೊಡುವ ತೀರ್ಪನ್ನು ಪೂರ್ತಿ ನಂಬುವಂತಿಲ್ಲ. ಹೆಚ್ಚು ಘಾಟಿನದು ಹೆಚ್ಚು ಕೆಟ್ಟದ್ದು, ವಾಸನೆ ಇಲ್ಲದ್ದು ಸುರಕ್ಷಿತ ಎಂಬ ಲೆಕ್ಕ ಇಲ್ಲಿ ನಡೆಯದು.

ಮೊದಲ ಅಳತೆ: ಡಬ್ಬಿಯಲ್ಲಿ ಎಷ್ಟಿದೆ?

ಅಂಟು ಮತ್ತು ಸೀಲೆಂಟ್‌ಗಳಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಮಿತಿಗಳು ಹುಟ್ಟಿದ್ದು ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ. ಅಲ್ಲಿನ ‘ಸೌತ್ ಕೋಸ್ಟ್’ ವಾಯುಗುಣಮಟ್ಟ ಜಿಲ್ಲೆ 1989ರಲ್ಲಿ ತಂದ ನಿಯಮದ ಸಂಖ್ಯೆ 1168. ಅದರ ಗುರಿ ಮನೆಯೊಳಗಿನ ಗಾಳಿಯಲ್ಲ. ವಿಒಸಿ ಮತ್ತು ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ. ಆ ನಗರದ ಮೇಲೆ ಕವಿಯುತ್ತಿದ್ದ ಹೊಗೆಮಂಜಿಗೆ ಇದೊಂದು ಮುಖ್ಯ ಕಾರಣ. ಅದನ್ನು ತಗ್ಗಿಸಲು ಒಂದು ಲೀಟರ್ ಉತ್ಪನ್ನದಲ್ಲಿ ಎಷ್ಟು ಗ್ರಾಂ ವಿಒಸಿ ಇರಬಹುದು ಎಂದು ಮಿತಿ ಹಾಕಿದರು.

2005ರ ಆವೃತ್ತಿಯ ಕೆಲವು ಮಿತಿಗಳು ಹೀಗಿದ್ದವು (ಲೀಟರಿಗೆ ಗ್ರಾಂ ಲೆಕ್ಕದಲ್ಲಿ):

• ಟೈಲ್ ಅಂಟು: 65
• ಮರದ ನೆಲಹಾಸಿನ ಅಂಟು: 100
• ಸನ್‌ಮೈಕಾಗೆ ಬಳಸುವಂಥ ಕಾಂಟ್ಯಾಕ್ಟ್ ಅಂಟು: 80
• ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್: 510
• ಕಟ್ಟಡದ ಸೀಲೆಂಟ್: 250

2017ರ ತಿದ್ದುಪಡಿಯಲ್ಲಿ ಹೆಚ್ಚಿನ ಕಟ್ಟಡ ಸೀಲೆಂಟ್‌ಗಳ ಮಿತಿಯನ್ನು 250ರಿಂದ 50ಕ್ಕೆ ಇಳಿಸಲಾಯಿತು. ಕ್ಯಾಲಿಫೋರ್ನಿಯಾದೊಳಗೇ ಬೇರೆ ಜಿಲ್ಲೆಗಳಿಗೆ ಬೇರೆ ನಿಯಮಗಳಿವೆ. ಕೆನಡಾದಲ್ಲಿ ಇದೇ ಮಾದರಿಯ ರಾಷ್ಟ್ರೀಯ ನಿಯಮ 2024ರ ಜನವರಿಯಿಂದ ಜಾರಿಗೆ ಬಂದಿದೆ.

ಅಂಕಿಯ ಅರ್ಥ ತಿಳಿಯಲು ಒಂದು ಲೆಕ್ಕ ನೋಡೋಣ. ಸೀಲೆಂಟ್‌ನ ಒಂದು ಟ್ಯೂಬಿನಲ್ಲಿ ಸುಮಾರು 300 ಮಿಲಿಲೀಟರ್ ಇರುತ್ತದೆ. 250ರ ಮಿತಿಯಲ್ಲಿ ಆ ಟ್ಯೂಬಿನಿಂದ 75 ಗ್ರಾಂ ವಿಒಸಿ ಹೊರಬರಬಹುದು. 50ರ ಮಿತಿಯಲ್ಲಿ 15 ಗ್ರಾಂ. ದೊಡ್ಡ ವ್ಯತ್ಯಾಸವೇ. ಆದರೆ ಆ 15 ಗ್ರಾಂ ಒಂದು ದಿನದಲ್ಲಿ ಹೋಗುತ್ತದೋ, ಆರು ತಿಂಗಳು ಸ್ವಲ್ಪಸ್ವಲ್ಪವಾಗಿ ಬರುತ್ತದೋ, ಅದರಲ್ಲಿರುವುದು ಮದ್ಯಸಾರವೋ ಟಾಲ್ಯೂಯಿನ್ನೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಇನ್ನೊಂದು ತೊಡಕೂ ಇದೆ. ಓಝೋನ್ ಅಷ್ಟಾಗಿ ಉಂಟುಮಾಡದ ದ್ರಾವಕಗಳನ್ನು ಅಮೆರಿಕದ ಕಾನೂನು ವಿಒಸಿ ಲೆಕ್ಕದಿಂದ ಹೊರಗಿಡುತ್ತದೆ. ಅಸಿಟೋನ್ ಹಾಗೆ ಹೊರಗಿದೆ, ಹೆಚ್ಚು ವಿಷಕಾರಿಯಾದ ಡೈಕ್ಲೋರೋಮೀಥೇನ್ ಕೂಡ ಹೊರಗಿದೆ. ಪಿಸಿಬಿಟಿಎಫ್ ಎಂಬ ದ್ರಾವಕವೂ ಇಂಥ ವಿನಾಯಿತಿ ಪಡೆದದ್ದು. ವಿಒಸಿ ಅಂಕಿ ಕಡಿಮೆ ತೋರಿಸಲು ತಯಾರಕರು ಅದನ್ನು ಬಳಸಿದರು. 2019ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ 1168ನೆಯ ನಿಯಮವನ್ನೇ ತಿದ್ದಿ, ಅಂಟು–ಸೀಲೆಂಟ್‌ಗಳಿಂದ ಅದನ್ನು ಹಂತಹಂತವಾಗಿ ತೆಗೆಯಲು ಹೇಳಲಾಯಿತು. ಹೊರಗಿನ ಹೊಗೆಮಂಜಿಗೆ ಒಳ್ಳೆಯದಾದದ್ದು ಕೋಣೆಯೊಳಗಿನ ಶ್ವಾಸಕೋಶಕ್ಕೂ ಒಳ್ಳೆಯದೇ ಆಗಿರಬೇಕಿಲ್ಲ.

ಎರಡನೆಯ ಅಳತೆ: ಗಾಳಿಗೆ ಎಷ್ಟು ಬಂತು?

ಯುರೋಪಿನ ಹಲವು ದೇಶಗಳು ಬೇರೆ ದಾರಿ ಹಿಡಿದವು. ಔಷಧಿಯ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾತ್ರೆಯ ಪಟ್ಟಿಯ ಮೇಲೆ 500 ಮಿಲಿಗ್ರಾಂ ಎಂದಿರುತ್ತದೆ. ಅದರಲ್ಲಿ ರಕ್ತಕ್ಕೆ ಎಷ್ಟು ಸೇರಿತು, ಎಷ್ಟು ಹೊತ್ತು ಉಳಿಯಿತು ಎಂಬುದು ಬೇರೆಯದೇ ಅಳತೆ. ದೇಹದ ಮೇಲೆ ಪರಿಣಾಮ ಮಾಡುವುದು ಆ ಎರಡನೆಯದು. ಅಂಟಿನ ವಿಷಯದಲ್ಲೂ ಹಾಗೆಯೇ: ಡಬ್ಬಿಯ ಅಂಕಿ ಮಾತ್ರೆಯ ಮಿಲಿಗ್ರಾಂ ಇದ್ದಂತೆ, ಕೋಣೆಯ ಗಾಳಿಯ ಅಂಕಿ ರಕ್ತದ ಮಟ್ಟ ಇದ್ದಂತೆ.

ಈ ಪದ್ಧತಿಯಲ್ಲಿ ಉತ್ಪನ್ನವನ್ನು ಒಂದು ಮುಚ್ಚಿದ ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟು, ನಿಗದಿತ ಪ್ರಮಾಣದಲ್ಲಿ ಗಾಳಿ ಹಾಯಿಸಿ, 3ನೆಯ ದಿನ ಮತ್ತು 28ನೆಯ ದಿನ ಗಾಳಿಯನ್ನು ಅಳೆಯುತ್ತಾರೆ. ಫಲಿತಾಂಶವನ್ನು 30 ಘನ ಮೀಟರಿನ ಒಂದು ಮಾದರಿ ಕೋಣೆಗೆ ಲೆಕ್ಕ ಹಾಕಿ, ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತಾರೆ.

• ಜರ್ಮನಿಯ ಎಜಿಬಿಬಿ ಪದ್ಧತಿ: ಒಟ್ಟು ವಿಒಸಿ 3ನೆಯ ದಿನ 10,000ಕ್ಕಿಂತ, 28ನೆಯ ದಿನ 1,000ಕ್ಕಿಂತ ಹೆಚ್ಚಿರಬಾರದು. ಕ್ಯಾನ್ಸರ್‌ಕಾರಕಗಳಿಗೆ ಪ್ರತ್ಯೇಕವಾಗಿ ತೀರಾ ಕಡಿಮೆ ಮಿತಿ.
• ಅಲ್ಲಿನ ತಯಾರಕರ ಒಕ್ಕೂಟ ನಡೆಸುವ ಎಮಿಕೋಡ್ ಗುರುತು: ಅತ್ಯುತ್ತಮವಾದ ಇಸಿ1 ಪ್ಲಸ್‌ಗೆ 28ನೆಯ ದಿನ 60, ಇಸಿ1ಕ್ಕೆ 100, ಇಸಿ2ಕ್ಕೆ 300.
• ಫ್ರಾನ್ಸ್‌ನ ಕಡ್ಡಾಯ ಲೇಬಲ್, 2011ರ ಆದೇಶದಿಂದ: 28ನೆಯ ದಿನ 1,000ಕ್ಕಿಂತ ಕಡಿಮೆ ಇದ್ದರೆ ಎ ಪ್ಲಸ್, 1,500ಕ್ಕಿಂತ ಕಡಿಮೆ ಇದ್ದರೆ ಎ, 2,000ಕ್ಕಿಂತ ಕಡಿಮೆ ಇದ್ದರೆ ಬಿ, ಅದಕ್ಕೂ ಮೇಲಾದರೆ ಸಿ.

ಇಲ್ಲಿ ಒಂದು ಮಾತು ಗಮನಿಸಿ. ಎ ಪ್ಲಸ್ ಮತ್ತು ಇಸಿ1 ಪ್ಲಸ್ ಎರಡೂ ತಮ್ಮತಮ್ಮ ಪದ್ಧತಿಯಲ್ಲಿ ಅತ್ಯುತ್ತಮ ದರ್ಜೆ. ಆದರೆ ಒಂದರ ಮಿತಿ 1,000, ಇನ್ನೊಂದರದು 60; ಸುಮಾರು 16 ಪಟ್ಟು ಅಂತರ. ಅಲ್ಲದೆ ಫ್ರಾನ್ಸ್‌ನಲ್ಲಿ ಲೇಬಲ್ ಅಂಟಿಸುವುದು ಕಡ್ಡಾಯವೇ ಹೊರತು ಎ ಪ್ಲಸ್ ಪಡೆಯುವುದು ಕಡ್ಡಾಯವಲ್ಲ. ಸಿ ದರ್ಜೆಯದನ್ನೂ ಮಾರಬಹುದು, ಸಿ ಎಂದು ತೋರಿಸಬೇಕು ಅಷ್ಟೆ. ಆಮದಾದ ಟ್ಯೂಬಿನ ಮೇಲೆ ಹಸಿರು ಗುರುತು ಕಂಡಾಗ ಅದು ಯಾವ ದರ್ಜೆ, ಯಾವ ಪದ್ಧತಿ ಎಂದು ನೋಡಬೇಕಾದ್ದು ಇದಕ್ಕೇ.

ಮೂರನೆಯ ಅಳತೆ: ಮನೆಯನ್ನೇ ಪರೀಕ್ಷಿಸುವುದು

ಚೀನಾದಲ್ಲಿ ಅಂಟುಗಳಿಗೆ 2020ರ ರಾಷ್ಟ್ರೀಯ ಮಿತಿಗಳಿವೆ. ದ್ರಾವಕದ ಅಂಟು, ನೀರಿನ ಅಂಟು ಎಂದು ವಿಂಗಡಿಸಿ ಬೇರೆ ಬೇರೆ ಮಿತಿ ಹಾಕಿದ್ದಾರೆ. ಇದರ ಜೊತೆಗೆ ಕಟ್ಟಡವನ್ನು ಹಸ್ತಾಂತರಿಸುವ ಮೊದಲು ಒಳಗಿನ ಗಾಳಿಯನ್ನೇ ಪರೀಕ್ಷಿಸಬೇಕೆಂಬ ಮಾನದಂಡವೂ ಇದೆ. ಕೆಲಸ ಮುಗಿದು ಕನಿಷ್ಠ 7 ದಿನ ಕಳೆದ ಮೇಲೆ ಪರೀಕ್ಷೆ. ವಾಸದ ಮನೆಗಳಲ್ಲಿ ಘನ ಮೀಟರಿಗೆ ಫಾರ್ಮಾಲ್ಡಿಹೈಡ್ 0.07 ಮಿಲಿಗ್ರಾಂ, ಒಟ್ಟು ವಿಒಸಿ 0.45 ಮಿಲಿಗ್ರಾಂ ದಾಟಬಾರದು. ಒಂದೊಂದು ಡಬ್ಬಿಯೂ ಮಿತಿಯೊಳಗೇ ಇದ್ದು, ಹತ್ತು ಡಬ್ಬಿ ಸೇರಿ ಗಾಳಿ ಕೆಟ್ಟರೆ ಅದು ಈ ಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಕಟ್ಟಡದ ಅಂಟು, ಸೀಲೆಂಟ್‌ಗಳ ವಿಒಸಿಗೆ ದೇಶವ್ಯಾಪಿಯಾಗಿ ಕಡ್ಡಾಯವಾದ ಮಿತಿ ಇಲ್ಲ. 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನದಂಡದಲ್ಲಿ ಬೆಂಜೀನ್‌ಗೆ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಎಂಬ ಮಿತಿ ಇದ್ದರೂ ಅದು ಹೊರಗಿನ ಗಾಳಿಗೆ. ಕಾರ್ಖಾನೆಯೊಳಗಿನ ಗಾಳಿಯಲ್ಲಿ ಹಲವು ರಾಸಾಯನಿಕಗಳಿಗೆ ಕಾನೂನಿನ ಮಿತಿ ಇದೆ. ನಾಲ್ವರು ಕಾರ್ಪೆಂಟರ್‌ಗಳು ಅದೇ ರಾಸಾಯನಿಕಗಳೊಂದಿಗೆ ದಿನವಿಡೀ ಕೆಲಸ ಮಾಡುವ ಫ್ಲ್ಯಾಟಿನೊಳಗೆ ಆ ಮಿತಿಯನ್ನು ಯಾರೂ ಅಳೆಯುವುದಿಲ್ಲ.

ಕಾನೂನು ತರುವುದು ಅಸಾಧ್ಯವೇನಲ್ಲ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಂಟು, ಸೀಲೆಂಟ್‌ಗಳ ವಿಒಸಿಗೆ ಅಂಥ ನಿಯಮ ಇನ್ನೂ ಬಂದಿಲ್ಲ.

ಸ್ವಯಂಪ್ರೇರಿತವಾಗಿ ಪಾಲಿಸುವ ಹಸಿರು ಕಟ್ಟಡ ದರ್ಜೆಗಳು ನಮ್ಮಲ್ಲಿವೆ. ಭಾರತೀಯ ಹಸಿರು ಕಟ್ಟಡ ಮಂಡಳಿ, ಅಂದರೆ ಐಜಿಬಿಸಿ, ತನ್ನ ದರ್ಜೆ ಪದ್ಧತಿಯಲ್ಲಿ ಟೈಲ್ ಅಂಟಿಗೆ 65, ಗಾಜಿನ ಅಂಟಿಗೆ 100, ಮರದ ಅಂಟಿಗೆ 30 ಗ್ರಾಂ ಎಂದು ಮಿತಿ ಹೇಳುತ್ತದೆ. ಇವು ಲಾಸ್ ಏಂಜಲಿಸ್‌ನ ಹಳೆಯ ಪಟ್ಟಿಯಲ್ಲಿದ್ದ ಅಂಕಿಗಳೇ. ಅಲ್ಲಿನ ಹೊಗೆಮಂಜಿಗಾಗಿ ಮಾಡಿದ ಅಳತೆ ಇಲ್ಲಿ ಮನೆಯೊಳಗಿನ ಆರೋಗ್ಯದ ಭರವಸೆಯಾಗಿ ಬಂದಿದೆ. ದ್ರಾವಕ ಕಡಿಮೆಯಾದರೆ ಮನೆಗೂ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದು ಅರ್ಧ ಉತ್ತರ.

ಇನ್ನರ್ಧ ಸಮಸ್ಯೆ ಹೆಚ್ಚು ದೊಡ್ಡದು. ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಇದ್ದರೂ ಅದು ಬಿಲ್ಡರ್ ಮಾಡಿಸಿದ ಕೆಲಸಕ್ಕೆ. ಕೀಲಿ ಸಿಕ್ಕ ಮೇಲೆ ನೀವು ಮಾಡಿಸುವ ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್, ಟಿವಿ ಗೋಡೆ, ಫಾಲ್ಸ್ ಸೀಲಿಂಗ್ ಆ ಪತ್ರದ ಹೊರಗೆ. ಹೊಸ ಮನೆಯ ಬಹುಪಾಲು ದ್ರಾವಕ ಒಳಗೆ ಬರುವುದು ಆಗಲೇ.

ಘೋಡಬಂದರ್ ರಸ್ತೆಯಲ್ಲಿ ಲೆಕ್ಕ ಬದಲಾಗುವುದೇಕೆ?

ಯುರೋಪಿನ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, 50 ಶೇಕಡಾ ತೇವಾಂಶದಲ್ಲಿ. ಕೋಣೆಯ ಗಾಳಿ ಎರಡು ಗಂಟೆಗೊಮ್ಮೆ ಪೂರ್ತಿ ಬದಲಾಗುತ್ತದೆ ಎಂದು ಊಹಿಸಿ ಲೆಕ್ಕ ಹಾಕುತ್ತಾರೆ. ಥಾಣೆಯ ಮೇ ತಿಂಗಳ ಸೆಕೆ ಅಥವಾ ಜುಲೈ ತಿಂಗಳ ಮಳೆಯಲ್ಲಿ ಈ ಮೂರೂ ಹಾಗಿರುವುದಿಲ್ಲ. ಬಿಸಿ ಹೆಚ್ಚಾದಷ್ಟೂ ಆವಿ ಬೇಗ ಹೊರಡುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಬಿಸಿ ಮತ್ತು ತೇವ ಎರಡಕ್ಕೂ ಹೆಚ್ಚುತ್ತದೆ.

ಗಾಳಿಯ ಕಥೆ ಇನ್ನೂ ಬೇರೆ. ಈ ರಸ್ತೆಯಲ್ಲಿ ನವಿ ಮುಂಬಯಿಯ ಬಂದರು ಮತ್ತು ಗುಜರಾತ್ ನಡುವೆ ಓಡಾಡುವ ಭಾರಿ ಲಾರಿಗಳಿವೆ, ಮೆಟ್ರೋ ಮತ್ತು ಕಟ್ಟಡ ಕೆಲಸಗಳ ಧೂಳಿದೆ. ಹಾಗಾಗಿ ರಸ್ತೆ ಬದಿಯ ಮನೆಯವರು ಕಿಟಕಿ ಮುಚ್ಚಿಡುತ್ತಾರೆ. ಹೊರಗಿನ ಧೂಳಿನಿಂದ ತಪ್ಪಿಸಿಕೊಳ್ಳಲು ಮುಚ್ಚಿದ ಕಿಟಕಿ ಒಳಗಿನ ಆವಿಯನ್ನು ಕೂಡಿಹಾಕುತ್ತದೆ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಧೂಳು ಸೋಸುವ ಹೆಪಾ ಫಿಲ್ಟರ್ ಆವಿಯನ್ನು ಹಿಡಿಯುವುದಿಲ್ಲ. ಏರ್ ಪ್ಯೂರಿಫೈಯರ್‌ನಲ್ಲಿ ಸಾಕಷ್ಟು ಸಕ್ರಿಯ ಇದ್ದಿಲು ಇದ್ದರೆ ಸ್ವಲ್ಪ ಮಟ್ಟಿಗೆ ಹಿಡಿಯಬಹುದು.

ದೇಹಕ್ಕೆ ಏನಾಗಬಹುದು?

ಹೊಸ ಮನೆಯ ವಾಸನೆಯಿಂದ ಹೆಚ್ಚಿನವರಿಗೆ ಆಗುವುದು ಕಣ್ಣುರಿ, ಗಂಟಲು ಕೆರೆತ, ತಲೆನೋವು, ತಲೆಸುತ್ತು. ಹೊರಗೆ ಹೋದಾಗ ಕಡಿಮೆಯಾಗಿ ಮನೆಗೆ ಬಂದಾಗ ಮತ್ತೆ ಕಾಣಿಸಿದರೆ ಕಾರಣ ಮನೆಯೊಳಗೇ ಇರಬಹುದು. ಆಸ್ತಮಾ ಇರುವವರಿಗೆ ಉಬ್ಬಸ ಹೆಚ್ಚಬಹುದು. ಚಿಕ್ಕ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಆದ್ದರಿಂದ ಅವರ ಮೇಲೆ ಹೆಚ್ಚು ಗಮನ ಬೇಕು. ಗರ್ಭಿಣಿಯರು ಅಂಟು, ಪಾಲಿಶ್ ಕೆಲಸ ನಡೆಯುವ ಮನೆಯಿಂದ ದೂರವಿರುವುದು ಒಳ್ಳೆಯದು.

ಫಾರ್ಮಾಲ್ಡಿಹೈಡ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಒಳಾಂಗಣ ಗಾಳಿಯಲ್ಲಿ ಅದಕ್ಕೆ 30 ನಿಮಿಷದ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ ಎಂಬ ಮಾರ್ಗದರ್ಶಿ ಮಿತಿ ಕೊಟ್ಟಿದೆ. ಕೆಲವು ವಾರ ವಾಸನೆ ಕುಡಿದ ಮಾತ್ರಕ್ಕೆ ಕ್ಯಾನ್ಸರ್ ಬಂತು ಎಂದು ಹೆದರಬೇಕಿಲ್ಲ. ಪ್ರಮಾಣ ಮತ್ತು ಕಾಲ ಎರಡೂ ಮುಖ್ಯ.

ಈ ಎರಡೂ ಅತಿ ಹೆಚ್ಚಿರುವುದು ಕಾರ್ಪೆಂಟರ್‌ಗಳಿಗೆ. ನಾವು ಕೆಲವು ವಾರ ಉಸಿರಾಡುವುದನ್ನು ಅವರು ಮನೆಯಿಂದ ಮನೆಗೆ ವರ್ಷಗಟ್ಟಲೆ ಉಸಿರಾಡುತ್ತಾರೆ, ಅದೂ ಅಂಟು ಹಸಿಯಿರುವಾಗ. ಹೆಕ್ಸೇನ್ ದೀರ್ಘಕಾಲ ಒಳಹೋದರೆ ಕೈಕಾಲಿನ ನರಗಳು ಹಾಳಾಗಿ ಜೋಮು, ನಿಶ್ಶಕ್ತಿ ಬರಬಹುದು. ಪಾಲಿಯುರಿಥೇನ್ ಫೋಮ್, ಸೀಲೆಂಟ್‌ಗಳು ಹಸಿಯಿರುವಾಗ ಅವುಗಳಲ್ಲಿನ ಐಸೊಸಯನೇಟ್‌ಗಳು ಆಸ್ತಮಾ ತರಬಲ್ಲವು. ಬಟ್ಟೆಯ ಮಾಸ್ಕ್, ಎನ್95 ಮಾಸ್ಕ್ ಇವೆರಡೂ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ನೀವು ಏನು ಮಾಡಬಹುದು?

ಕೆಲಸ ಶುರುವಾಗುವ ಮೊದಲು:

• ಗುತ್ತಿಗೆದಾರರಿಂದ ಬಳಸಲಿರುವ ಅಂಟು, ಸೀಲೆಂಟ್, ಪಾಲಿಶ್‌ಗಳ ಹೆಸರಿನ ಪಟ್ಟಿ ಕೇಳಿ. ಪ್ರತಿಯೊಂದಕ್ಕೂ ಎಸ್‌ಡಿಎಸ್ ಎಂಬ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ. ಔಷಧಿ ಡಬ್ಬಿಯೊಳಗಿನ ಚೀಟಿಯಂತೆ. ಅದರ 3ನೆಯ ವಿಭಾಗದಲ್ಲಿ ಏನೇನು ಸೇರಿದೆ ಎಂದಿರುತ್ತದೆ. ಟಾಲ್ಯೂಯಿನ್, ಹೆಕ್ಸೇನ್, ಡೈಕ್ಲೋರೋಮೀಥೇನ್, ಬ್ಯೂಟನೋನ್ ಆಕ್ಸೈಮ್ ಹೆಸರುಗಳನ್ನು ಹುಡುಕಿ.
• ಸಮತಟ್ಟಾದ ಹಲಗೆಗೆ ಸನ್‌ಮೈಕಾ ಅಂಟಿಸಲು ನೀರಿನ ಬಿಳಿ ಅಂಟು ಸಾಕಾಗುತ್ತದೆ. ಭಾರ ಹೇರಿ ಹೆಚ್ಚು ಹೊತ್ತು ಒತ್ತಿಡಬೇಕು, ಅಷ್ಟು ಸಮಯ ಕೊಡಿ. ರಬ್ಬರ್ ಅಂಟನ್ನು ಅಂಚು, ತಿರುವುಗಳಿಗೆ ಮಾತ್ರ ಬಳಸಲು ಹೇಳಿ.
• ‘ಲೋ ವಿಒಸಿ’ ಎಂದಿದ್ದರೆ ಲೀಟರಿಗೆ ಎಷ್ಟು ಗ್ರಾಂ ಎಂದು ಕೇಳಿ. 28ನೆಯ ದಿನದ ಪರೀಕ್ಷೆ ಆಗಿದೆಯೇ ಎಂದೂ ಕೇಳಿ.

ಕೆಲಸ ನಡೆಯುವಾಗ:

• ಎದುರುಬದುರು ಕಿಟಕಿಗಳು ತೆರೆದಿರಲಿ. ದ್ರಾವಕದ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದೇ ಕೋಣೆಯಲ್ಲಿ ಸ್ಟೌ, ಬೀಡಿ, ಕಟಿಂಗ್ ಮಷಿನ್ ಬೇಡ.
• ಕೆಲಸಗಾರರು ಅಂಟಿನ ಡಬ್ಬಿಗಳಿರುವ ಮುಚ್ಚಿದ ಕೋಣೆಯಲ್ಲಿ ಮಲಗದಂತೆ ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ:

• ಸಾಧ್ಯವಾದರೆ ಎರಡರಿಂದ ನಾಲ್ಕು ವಾರ ಮನೆ ಖಾಲಿ ಬಿಡಿ. ಮುಹೂರ್ತ ಮುಂದೂಡಲಾಗದಿದ್ದರೆ ಹಾಲುಕ್ಕಿಸಿ, ಪೂಜೆ ಮಾಡಿ. ವಾಸ ಸ್ವಲ್ಪ ದಿನ ಹಳೆಯ ಮನೆಯಲ್ಲೇ ಇರಲಿ.
• ವಾರ್ಡ್‌ರೋಬ್ ಬಾಗಿಲು, ಡ್ರಾಯರ್‌ಗಳನ್ನು ತೆರೆದಿಡಿ. ಎಕ್ಸಾಸ್ಟ್ ಫ್ಯಾನ್ ಓಡಲಿ. ರಸ್ತೆ ಬದಿಯ ಮನೆಯಾದರೆ ಲಾರಿ ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ ಕಿಟಕಿ ತೆರೆಯಿರಿ.
• ಹಾಸಿಗೆ, ಪರದೆ, ಬಟ್ಟೆಗಳನ್ನು ಕೊನೆಗೆ ತನ್ನಿ. ಅವು ಆವಿಯನ್ನು ಹೀರಿ ನಿಧಾನವಾಗಿ ಮತ್ತೆ ಬಿಡುತ್ತವೆ.
• ಅಗರಬತ್ತಿ, ರೂಮ್ ಫ್ರೆಶ್ನರ್ ವಾಸನೆಯನ್ನು ಮುಚ್ಚುತ್ತವೆ, ಆವಿಯನ್ನು ತೆಗೆಯುವುದಿಲ್ಲ. ಅವೂ ತಮ್ಮ ಪಾಲಿನ ವಿಒಸಿ ಸೇರಿಸುತ್ತವೆ.

ಒಂಟಿ ಮನೆಯಿಂದ ಆಗದ ಕೆಲಸ ಸೊಸೈಟಿಯಿಂದ ಆಗಬಹುದು. ಇಂಟೀರಿಯರ್ ಕೆಲಸಕ್ಕೆ ಅನುಮತಿ ಕೊಡುವಾಗ ಡೆಪಾಸಿಟ್, ಕೆಲಸದ ಹೊತ್ತು, ಲಿಫ್ಟ್ ಬಳಕೆಯ ಬಗ್ಗೆ ಸೊಸೈಟಿಗಳು ಷರತ್ತು ಹಾಕುತ್ತವೆ. ಅದೇ ಅರ್ಜಿಯಲ್ಲಿ ಇನ್ನೆರಡು ಸಾಲು ಸೇರಿಸಬಹುದು: ಬಳಸುವ ಅಂಟುಗಳ ಪಟ್ಟಿ ಕೊಡಬೇಕು, ದ್ರಾವಕದ ಕೆಲಸ ನಡೆಯುವಾಗ ಕಿಟಕಿ ತೆರೆದಿರಬೇಕು. ಪಕ್ಕದ ಮನೆಯ ಆಸ್ತಮಾ ರೋಗಿಗೂ, ಆ ಕಾರ್ಪೆಂಟರ್‌ಗೂ ಇದರಿಂದ ಉಪಯೋಗ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಗಾಳಿ ಆಡಿಸಿದರೂ ತಲೆನೋವು, ಕಣ್ಣುರಿ, ಕೆಮ್ಮು ಒಂದು ವಾರದ ಮೇಲೂ ಮುಂದುವರಿದರೆ ವೈದ್ಯರನ್ನು ಕಾಣಿ; ಮನೆಯಲ್ಲಿ ಯಾವ ಕೆಲಸ ಆಯಿತು, ಯಾವ ಅಂಟು ಬಳಸಿದರು ಎಂಬುದನ್ನು ಹೇಳಿ, ಎಸ್‌ಡಿಎಸ್ ಇದ್ದರೆ ತೋರಿಸಿ. ಆಸ್ತಮಾ ಇರುವವರು ಇನ್‌ಹೇಲರ್ ನಿಲ್ಲಿಸಬೇಡಿ, ಎಂದಿಗಿಂತ ಹೆಚ್ಚು ಬಾರಿ ಬೇಕಾಗುತ್ತಿದ್ದರೆ ತಡಮಾಡದೆ ತಿಳಿಸಿ. ಕೆಲಸದ ಜಾಗದಲ್ಲಿ ಯಾರಾದರೂ ಅಮಲೇರಿದಂತೆ ತೊದಲಿದರೆ, ವಾಂತಿ ಮಾಡಿಕೊಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಕೂಡಲೇ ಬಾಗಿಲು, ಕಿಟಕಿ ತೆರೆದು, ಅವರನ್ನು ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಆವಿ ತುಂಬಿದ ಕೋಣೆಯಲ್ಲಿ ಲೈಟ್ ಸ್ವಿಚ್ ಹಾಕಬೇಡಿ.